ಬೆನ್ನುಚೀಲದ ಸೊಂಟಪಟ್ಟಿ

ಚಾರಣದ ದೊಡ್ಡ ಬೆನ್ನುಚೀಲದ ಕೆಳಗಂಚಿನಿಂದ ಎರಡೂ ಬದಿಗೆ ಹೊರಟು, ಸೊಂಟವನ್ನು ಸುತ್ತಿ, ಹೊಟ್ಟೆಯ ಮುಂದೆ ಬಕಲ್ಲಿನಲ್ಲಿ ಕೂಡುವ ಮೆತ್ತನೆಯ ಅಗಲ ಪಟ್ಟಿಯೇ ಸೊಂಟಪಟ್ಟಿ. ಚಾರಣಿಗರ ಮಾತಿನಲ್ಲಿ ಹಿಪ್ ಬೆಲ್ಟ್. ಚೀಲದ ಭಾರವನ್ನು ಹೆಗಲಿನಿಂದ ಇಳಿಸಿ ಸೊಂಟದೆಲುಬಿಗೆ, ಅಲ್ಲಿಂದ ಕಾಲುಗಳಿಗೆ ದಾಟಿಸುವುದು ಇದರ ಕೆಲಸ. ಹತ್ತು ಹನ್ನೆರಡು ಕಿಲೋ ಹೊತ್ತು ದಿನವಿಡೀ ನಡೆಯುವವರಿಗೆ ಚೀಲದಲ್ಲಿ ಇದಕ್ಕಿಂತ ಮುಖ್ಯವಾದ ಭಾಗ ಇನ್ನೊಂದಿಲ್ಲ. ಆದರೂ ಚೀಲ ಅಲುಗಾಡದಿರಲೆಂದು ಕಟ್ಟುವ ಪಟ್ಟಿ ಇದು ಎಂದಷ್ಟೇ ತಿಳಿದವರು ಬಹಳ. ಅವರು ಬಕಲ್ಲನ್ನು ಸಡಿಲವಾಗಿ ಹಾಕಿಕೊಂಡು ನಡೆದು, ಸಂಜೆ ಹೆಗಲು ನೀವಿಕೊಳ್ಳುತ್ತಾ ಕೂರುತ್ತಾರೆ.

ತೊಡಕು ಮಾತಿನಲ್ಲೇ ಶುರುವಾಗುತ್ತದೆ. ಕನ್ನಡದ ‘ಸೊಂಟ’ ಪಕ್ಕೆಲುಬಿನ ಕೆಳಗಿನ ಮೆತ್ತನೆಯ ನಡುವಿಗೂ ಸಲ್ಲುತ್ತದೆ, ಅದಕ್ಕೂ ಕೆಳಗಿನ ಗಟ್ಟಿ ಎಲುಬಿನ ಭಾಗಕ್ಕೂ ಸಲ್ಲುತ್ತದೆ. ಪಟ್ಟಿಗೆ ಬೇಕಾದದ್ದು ಎರಡನೆಯದು. ಎರಡೂ ಕೈಗಳನ್ನು ಟೊಂಕದ ಮೇಲಿಟ್ಟು, ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ಮುಂದಕ್ಕೂ ಮಾಡಿ ಒತ್ತಿದರೆ ಅಂಗೈಗೆ ಗಟ್ಟಿಯಾದ ಒಂದು ಅಂಚು ಸಿಗುತ್ತದೆ. ಅದು ಶ್ರೋಣಿಯ, ಅಂದರೆ ಸೊಂಟದೆಲುಬಿನ, ಮೇಲಂಚು. ವೈದ್ಯರು ಇಲಿಯಾಕ್ ಕ್ರೆಸ್ಟ್ ಎನ್ನುತ್ತಾರೆ.

ನಲ್ಲಿ ಮನೆಯೊಳಗೆ ಬರುವ ಮೊದಲು ಬಾವಿಯಿಂದ ನೀರು ಹೊತ್ತ ಕರ್ನಾಟಕದ ಹೆಂಗಸರಿಗೆ ಈ ಅಂಚಿನ ಉಪಯೋಗ ಚೆನ್ನಾಗಿ ಗೊತ್ತು. ತುಂಬಿದ ಕೊಡವನ್ನು ಮೊದಲು ತೊಡೆಯ ಮೇಲೆ ಎಳೆದುಕೊಂಡು, ಒಂದೇ ಜೀಕಿಗೆ ಸೊಂಟಕ್ಕೇರಿಸಿದಾಗ ಅದರ ಉಬ್ಬು ಈ ಎಲುಬಿನ ಮೇಲೆ ಬಂದು ಕೂರುತ್ತದೆ. ತೋಳು ಕೊಡದ ಕಂಠವನ್ನು ಬಳಸಿ ಹಿಡಿದಿರುತ್ತದೆ, ಅಷ್ಟೆ, ಭಾರವೆಲ್ಲ ಎಲುಬಿನದು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಾಳೆ ಎನ್ನುವುದು ರೂಢಿಯ ಮಾತಾದರೂ ಮಗು ಕೂತಿರುವುದು ಇದೇ ಅಂಚಿನ ಮೇಲೆ. ಸೊಂಟಪಟ್ಟಿಯು ಈ ಹಳೆಯ ಉಪಾಯವನ್ನು ಎರಡೂ ಬದಿಗೆ ಒಟ್ಟಿಗೆ ಮಾಡಿ, ಕೈಗಳನ್ನು ಬಿಡುವಾಗಿಡುತ್ತದೆ.

ಬೆನ್ನ ಮೇಲೆ ಹೊರುವ ಚೌಕಟ್ಟು ಬಹಳ ಪುರಾತನ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ದೇಹದ ಬಳಿ ಹೇಜಲ್ ಮರದ ಕೋಲನ್ನು ಬಗ್ಗಿಸಿ ಮಾಡಿದ ಚೌಕಟ್ಟು ಇತ್ತು. ಅದು ಬೆನ್ನಿಗೆ ಹೊರುವ ಸಾಧನವೆಂದು ಹೆಚ್ಚಿನ ವಿದ್ವಾಂಸರ ಎಣಿಕೆ. ಭಾರವನ್ನು ಸೊಂಟಕ್ಕೆ ಇಳಿಸುವ ಪಟ್ಟಿ ಮಾತ್ರ ತೀರ ಈಚಿನದು. ಅದನ್ನು ಜನಬಳಕೆಗೆ ತಂದ ಹೆಸರು ಅಮೆರಿಕದ ಡಿಕ್ ಕೆಲ್ಟಿಗೆ ಸಲ್ಲುತ್ತದೆ. ಸಿಯೆರಾ ನೆವಾಡ ಬೆಟ್ಟಗಳಲ್ಲಿ ನಡೆಯುವಾಗ ಚೀಲದ ಚೌಕಟ್ಟಿನ ತುದಿಗಳನ್ನು ಪ್ಯಾಂಟಿನ ಹಿಂಜೇಬುಗಳಿಗೆ ತುರುಕಿದಾಗ ಹೆಗಲು ಹಗುರಾದದ್ದು ಅವರ ಗಮನಕ್ಕೆ ಬಂತು. ಜೇಬು ಮಾಡಿದ ಕೆಲಸವನ್ನು ಪಟ್ಟಿಯಿಂದ ಮಾಡಿಸಬಹುದೆಂದು ಹೊಳೆದದ್ದು ಅಲ್ಲಿಂದ. 1952ರಲ್ಲಿ ಕ್ಯಾಲಿಫೋರ್ನಿಯದ ಗ್ಲೆಂಡೇಲ್‌ನ ತಮ್ಮ ಮನೆಯಲ್ಲೇ ಅವರು ಅಲ್ಯೂಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾಡಿ ಮಾರತೊಡಗಿದರು. ಚೀಲ ಹೊಲಿದವರು ಹೆಂಡತಿ ನೀನಾ. 1963ರ ಅಮೆರಿಕನ್ ಎವರೆಸ್ಟ್ ತಂಡ ಹೊತ್ತದ್ದು ಕೆಲ್ಟಿ ಚೀಲಗಳನ್ನೇ. 1967ರಲ್ಲಿ ಗ್ರೆಗ್ ಲೋ ಚೌಕಟ್ಟನ್ನು ಚೀಲದ ಒಳಗೇ ಅಡಗಿಸಿದರು. ಇಂದು ಅಂಗಡಿಗಳಲ್ಲಿ ಕಾಣುವ ದೊಡ್ಡ ಚೀಲಗಳಲ್ಲಿ ಬಹುಪಾಲು ಆ ಬಗೆಯವು.

ಚೌಕಟ್ಟಿನ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಪಟ್ಟಿ ಒಂದೇ ಭಾರ ಹೊರಲಾರದು. ಬೆನ್ನಿನುದ್ದಕ್ಕೆ ನಿಂತ ಅಲ್ಯೂಮಿನಿಯಂ ಕಂಬಿಗಳೋ ಗಟ್ಟಿ ಹಲಗೆಯೋ ಚೀಲದ ತೂಕವನ್ನು ಕೆಳಗಿಳಿಸಿ ಪಟ್ಟಿಗೆ ಒಪ್ಪಿಸಬೇಕು. ಚೌಕಟ್ಟಿಲ್ಲದ ಸಣ್ಣ ಚೀಲದಲ್ಲಿ ಸಾಮಾನು ಕುಸಿದು ಪಟ್ಟಿಯ ಹಿಂದೆ ಜೋತುಬೀಳುತ್ತದೆ. ಅಂಥ ಚೀಲಗಳಿಗಿರುವ ಬೆರಳಗಲದ ತೆಳು ಪಟ್ಟಿಯಿಂದ ಅಲುಗಾಟ ನಿಂತೀತೇ ಹೊರತು ಭಾರ ಇಳಿಯದು. ಹಗುರ ಚಾರಣವನ್ನು 1990ರ ದಶಕದಲ್ಲಿ ಪ್ರಚಾರ ಮಾಡಿದ ರೇ ಜಾರ್ಡಿನ್ ಅಂಥವರು ಸಾಮಾನನ್ನೇ ಇಳಿಸಿ, ಪಟ್ಟಿಯನ್ನೂ ಚೌಕಟ್ಟನ್ನೂ ಒಟ್ಟಿಗೆ ಕೈಬಿಟ್ಟರು. ಐದಾರು ಕಿಲೋಗೆ ಅದು ಸರಿಯಾದ ದಾರಿ. ಹದಿನೈದು ಕಿಲೋಗೆ ಖಂಡಿತ ಅಲ್ಲ.

ಚೀಲ ಕೊಳ್ಳುವ ಮೊದಲು ಅಳೆಯಬೇಕಾದದ್ದು ಬೆನ್ನಿನ ಉದ್ದ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಟೇಪನ್ನು ಬೆನ್ನೆಲುಬಿನ ಗುಂಟ ಇಳಿಸಿ, ಟೊಂಕದ ಮೇಲಿಟ್ಟ ಎರಡು ಹೆಬ್ಬೆರಳುಗಳ ನಡುವಿನ ಗೆರೆಯವರೆಗೆ ಅಳೆಯುತ್ತಾರೆ. ಆಳಿನ ಎತ್ತರಕ್ಕೂ ಈ ಅಳತೆಗೂ ನೇರ ನಂಟಿಲ್ಲ: ಆರಡಿಯವರ ಉದ್ದವೆಲ್ಲ ಕಾಲಿನಲ್ಲಿದ್ದು ಬೆನ್ನು ಗಿಡ್ಡವಾಗಿರಬಹುದು. ಹಿಮಾಲಯಕ್ಕೆ ಹೊರಡುವ ಬೆಂಗಳೂರಿನ ಹುಡುಗ ಹುಡುಗಿಯರು ಹಲವರು ಚೀಲವನ್ನು ಬಾಡಿಗೆಗೆ ತರುತ್ತಾರೆ. ಹಿಂದೆ ಹೊತ್ತವರ ಬೆನ್ನಿಗೆ ಹೊಂದಿಸಿದ ಚೀಲ ಹಾಗೇ ಹೆಗಲೇರುತ್ತದೆ, ಪಟ್ಟಿ ಎಲುಬಿಗೆ ತಗಲುವುದೇ ಇಲ್ಲ. ಬೆನ್ನಿನ ಹಲಗೆಯನ್ನು ಮೇಲೆ ಕೆಳಗೆ ಸರಿಸುವ ವೆಲ್ಕ್ರೋ ಅಥವಾ ಏಣಿಯ ಮೆಟ್ಟಿಲಿನಂಥ ಕೊಂಡಿಸಾಲು ಬಾಡಿಗೆ ಚೀಲಗಳಲ್ಲಿ ಎಷ್ಟೋ ಸಲ ಇರುತ್ತದೆ. ಮನೆಯಲ್ಲೇ ಹತ್ತು ನಿಮಿಷ ಕೂತು ಅದನ್ನು ಹೊಂದಿಸಿಕೊಳ್ಳುವುದು ಲೇಸು.

ಹೊಂದಿಸುವಾಗ ಚೀಲದಲ್ಲಿ ನಿಜವಾದ ಭಾರವಿರಬೇಕು. ಖಾಲಿ ಚೀಲ ಯಾರ ಮೈಗಾದರೂ ಒಪ್ಪುತ್ತದೆ. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲ ಬಿಟ್ಟು, ಕೊಡ ಏರಿಸುವ ಹಾಗೆಯೇ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ತೋಳನ್ನು ತೂರಿಸಬೇಕು. ಆಮೇಲೆ ಸ್ವಲ್ಪ ಮುಂದೆ ಬಾಗಿ, ಹೆಗಲೆರಡನ್ನೂ ಕಿವಿಯತ್ತ ಎತ್ತಿದರೆ ಚೀಲ ಬೆನ್ನ ಮೇಲಕ್ಕೆ ಸರಿಯುತ್ತದೆ. ಆ ಗಳಿಗೆಯಲ್ಲೇ ಬಕಲ್ಲು ಹಾಕಬೇಕು. ಪಟ್ಟಿಯ ಮೆತ್ತೆ ಎಲುಬಿನ ಅಂಚನ್ನು ಕವುಚಿಕೊಂಡಿರಬೇಕು: ಅಗಲದಲ್ಲಿ ಹೆಚ್ಚುಕಡಿಮೆ ಅರ್ಧ ಅಂಚಿನ ಮೇಲೆ, ಅರ್ಧ ಕೆಳಗೆ. ಬಕಲ್ಲು ಹೊಕ್ಕುಳಿಗಿಂತ ಕೊಂಚ ಕೆಳಗೆ ಬರುತ್ತದೆ. ಹೊಟ್ಟೆ ಮುಂದೆ ಬಂದವರು ಪಟ್ಟಿಯನ್ನು ಹೊಟ್ಟೆಯ ಮೇಲೆ ಏರಿಸದೆ ಅದರ ಕೆಳಗೆ ತರಬೇಕು. ಈಗ ಎಳೆತುದಿಗಳನ್ನು ಎರಡೂ ಕೈಯಿಂದ ಸಮನಾಗಿ ಎಳೆದು, ಹೆಗಲು ಇಳಿಬಿಟ್ಟಾಗ ಭಾರ ಮೆಲ್ಲನೆ ಸೊಂಟದ ಮೇಲೆ ಇಳಿದು ಕೂರುವುದು ಅರಿವಿಗೆ ಬರುತ್ತದೆ. ಮೊದಲ ಸಲ ಇದನ್ನು ಅನುಭವಿಸಿದವರ ಮುಖ ನೋಡಬೇಕು. ಯಾರೋ ಹಿಂದಿನಿಂದ ಚೀಲವನ್ನು ಎತ್ತಿ ಹಿಡಿದರೇನೋ ಎಂದು ತಿರುಗಿ ನೋಡುವವರೂ ಉಂಟು.

ಹೆಗಲಪಟ್ಟಿಯ ಸರದಿ ಇದಾದ ಮೇಲೆಯೇ. ಅದನ್ನು ಹೆಗಲಿಗೆ ಸುತ್ತಲೂ ತಾಕುವಷ್ಟು ಎಳೆದರೆ ಸಾಕು. ಇನ್ನೂ ಎಳೆದರೆ ಚೀಲ ಮೇಲೇರಿ, ಸೊಂಟಕ್ಕೆ ಒಪ್ಪಿಸಿದ ಭಾರ ಹೆಗಲಿಗೆ ಮರಳುತ್ತದೆ. ಹೆಗಲ ಮೇಲಿನಿಂದ ಚೀಲದ ತುದಿಗೆ ಹೋಗುವ ಸಣ್ಣ ಪಟ್ಟಿಗಳು, ಲೋಡ್ ಲಿಫ್ಟರ್‌ಗಳು, ಸುಮಾರು 45 ಡಿಗ್ರಿ ಓರೆಯಲ್ಲಿ ನಿಂತು ಚೀಲ ಹಿಂದಕ್ಕೆ ವಾಲದಂತೆ ತಡೆಯುತ್ತವೆ. ಸೊಂಟಪಟ್ಟಿಯ ಎರಡೂ ಪಕ್ಕದಲ್ಲಿ ಚೀಲದ ಬುಡವನ್ನು ಮೈಗೆ ಒತ್ತುವ ಗಿಡ್ಡ ಪಟ್ಟಿಗಳಿರುತ್ತವೆ. ಎದೆಪಟ್ಟಿಯನ್ನು ಉಸಿರಿಗೆ ಅಡ್ಡಿಯಾಗದಷ್ಟು ಬಿಗಿದರಾಯಿತು.

ಶೇಕಡಾ 80ರಷ್ಟು ಭಾರ ಸೊಂಟಕ್ಕೆ ಹೋಗುತ್ತದೆ ಎಂಬ ಮಾತು ಅಂಗಡಿಗಳಲ್ಲಿ ಸಾಮಾನ್ಯ. ಅಳತೆ ಅಷ್ಟು ಉದಾರವಾಗಿಲ್ಲ. ಅಮೆರಿಕದ ಸೇನಾ ಸಂಶೋಧಕರಾದ ಲಾಫಿಯಾಂಡ್ರ ಮತ್ತು ಹಾರ್ಮನ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಡೆಯುವಾಗ ಲಂಬ ಬಲದ ಸುಮಾರು ಶೇಕಡಾ 30 ಕೆಳಬೆನ್ನಿಗೂ ಸೊಂಟಕ್ಕೂ ಹೋಗಿತ್ತು. ಉಳಿದದ್ದು ಹೆಗಲು ಮತ್ತು ಮೇಲ್ಬೆನ್ನಿನ ಪಾಲು. ಚೀಲದ ತೂಕ ಹೆಚ್ಚಿದರೂ ಈ ಪಾಲು ಹೆಚ್ಚು ಬದಲಾಗಲಿಲ್ಲ. ಚೀಲ, ಮೈಕಟ್ಟು, ಹೊಂದಿಸಿದ ರೀತಿ ಬೇರೆಯಾದರೆ ಪಾಲೂ ಬೇರೆಯಾದೀತು. ಆದರೆ ಮೂರರಲ್ಲೊಂದು ಪಾಲು ಇಳಿದರೂ ಅದು ಸಣ್ಣ ಲಾಭವಲ್ಲ. ಹೆಗಲಪಟ್ಟಿ ಗಂಟೆಗಟ್ಟಲೆ ಒತ್ತಿದಾಗ ಕತ್ತಿನಿಂದ ತೋಳಿಗೆ ಹೋಗುವ ನರಗಳ ಗೊಂಚಲು ನೊಂದು, ತೋಳು ಜೋಮು ಹಿಡಿದು ಬಲಗುಂದುವುದುಂಟು. ಸೈನಿಕರಲ್ಲಿ ಇದು ಎಷ್ಟು ಪರಿಚಿತವೆಂದರೆ ವೈದ್ಯಶಾಸ್ತ್ರದಲ್ಲಿ ಇದಕ್ಕೆ ರಕ್‌ಸ್ಯಾಕ್ ಪಾಲ್ಸಿ ಎಂಬ ಹೆಸರೇ ಇದೆ.

ನೇಪಾಳದ ಹಮಾಲರು ಸೊಂಟಪಟ್ಟಿ ಇಲ್ಲದೆಯೇ ಹೊರುತ್ತಾರಲ್ಲ ಎಂಬ ಪ್ರಶ್ನೆ ಸಹಜ. ಬುಟ್ಟಿಯ ಭಾರವನ್ನು ಅವರು ನಾಮ್ಲೊ ಎಂಬ ಪಟ್ಟಿಯಿಂದ ತಲೆಗೆ ಕೊಡುತ್ತಾರೆ. 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಗಂಡಸರು ಸರಾಸರಿ ತಮ್ಮ ಮೈತೂಕದ ಶೇಕಡಾ 93ರಷ್ಟು ಹೊರುತ್ತಿದ್ದರು. ಎಳವೆಯಿಂದ ಪಳಗಿದ ಕತ್ತು ಅದು. ರಜೆ ಹಾಕಿ ಬೆಟ್ಟ ಹತ್ತಲು ಹೋದವರು ಅದನ್ನು ಅನುಕರಿಸುವುದು ಅಪಾಯ.

ಪಟ್ಟಿ ತಪ್ಪಿ ಕೂತಾಗ ಮೈ ಸುಳಿವು ಕೊಡುತ್ತದೆ. ನಡುವಿನ ಮೆತ್ತನೆ ಭಾಗಕ್ಕೆ ಏರಿದ್ದರೆ ಹೊಟ್ಟೆ ಹಿಂಡಿದಂತಾಗಿ ಉಸಿರು ಕಟ್ಟುತ್ತದೆ. ಕೆಳಗೆ ಜಾರಿದ್ದರೆ ಮೆಟ್ಟಿಲೇರುವಾಗ ತೊಡೆಗೆ ತಡೆಯಾಗುತ್ತದೆ. ತೊಡೆಯ ಹೊರಮೈ ಉರಿದು ಜೋಮು ಹಿಡಿದರೆ ಸೊಂಟದ ಮುಂಭಾಗದ ನರವೊಂದು ಬಿಗಿತಕ್ಕೆ ಸಿಕ್ಕಿದೆ ಎಂದರ್ಥ, ಕೂಡಲೇ ಸಡಿಲಿಸಬೇಕು. ಎಲುಬಿನ ಮೇಲೆ ಒಂದೇ ಕಡೆ ಚರ್ಮ ಕೆಂಪಾಗಿದ್ದರೆ ಪಟ್ಟಿಯನ್ನು ದೂರುವ ಮುನ್ನ ಪ್ಯಾಂಟಿನ ಚರ್ಮದ ಬೆಲ್ಟು, ಜೇಬಿನ ಕೀಲಿಗೊಂಚಲು, ದಪ್ಪ ಹೊಲಿಗೆ ಇವನ್ನು ನೋಡಬೇಕು. ಹೆಂಗಸರ ಶ್ರೋಣಿ ಸಾಮಾನ್ಯವಾಗಿ ಹೆಚ್ಚು ಅಗಲ. ಆದ್ದರಿಂದ ಅವರ ಚೀಲಗಳಲ್ಲಿ ಪಟ್ಟಿಯನ್ನು ಮೇಲೆ ಕಿರಿದು ಕೆಳಗೆ ಅಗಲವಾಗುವಂತೆ ಓರೆಯಾಗಿ ಕತ್ತರಿಸಿ ಹೊಲಿದಿರುತ್ತಾರೆ. ಸಪಾಟು ಸೊಂಟದ ಸಣಕಲು ಮೈಯವರಿಗೆ ಎಷ್ಟು ಬಿಗಿದರೂ ಪಟ್ಟಿ ಜಾರುತ್ತದೆ. ಅವರಿಗೆ ಕೆಳಬೆನ್ನಿನ ದಪ್ಪ ಮೆತ್ತೆಯಿರುವ ಚೀಲ ಒದಗಿಬರುತ್ತದೆ.

ಒಮ್ಮೆ ಹೊಂದಿಸಿದರೆ ಮುಗಿಯಿತು ಎನ್ನುವಂತಿಲ್ಲ. ನಡೆದಂತೆ ಮೆತ್ತೆಯೊಳಗಿನ ಫೋಮ್ ಅಮುಕಿ, ಬೆವರಿಗೆ ಬಟ್ಟೆ ಜಾರಿ ಪಟ್ಟಿ ಸಡಿಲಾಗುತ್ತದೆ. ಮೊದಲ ಅರ್ಧ ಗಂಟೆಯ ನಂತರ ಒಮ್ಮೆ ನಿಂತು ಬಿಗಿಯಬೇಕು. ಏರಿನಲ್ಲಿ ತುಸು ಸಡಿಲಿಸಿದರೆ ತೊಡೆಗೆ ಸಲೀಸು, ಇಳಿಜಾರಿನಲ್ಲಿ ಬಿಗಿಯಿದ್ದರೆ ಚೀಲ ಮುಂದಕ್ಕೆ ತಳ್ಳುವುದಿಲ್ಲ. ವಾರದ ಚಾರಣದಲ್ಲಿ ಮೈಯೂ ಇಳಿಯುತ್ತದೆ: ಹೊರಟಾಗ ಹೊಟ್ಟೆಯ ಮುಂದೆ ನಾಲ್ಕು ಬೆರಳು ದೂರವಿದ್ದ ಎರಡು ಮೆತ್ತೆಗಳ ತುದಿ ಒಂದಕ್ಕೊಂದು ತಾಗಿದರೆ ಇನ್ನು ಬಿಗಿಯಲು ಜಾಗವಿಲ್ಲ, ಆ ಪಟ್ಟಿ ಒಂದು ಅಳತೆ ದೊಡ್ಡದು. ರಭಸದ ಹೊಳೆ ದಾಟುವಾಗ ಮಾತ್ರ ಬಕಲ್ಲನ್ನು ಬಿಚ್ಚಿಡಬೇಕೆಂದು ಅನುಭವಿಗಳು ಹೇಳುತ್ತಾರೆ. ಕಾಲು ಜಾರಿದರೆ ಚೀಲವನ್ನು ಆ ಕ್ಷಣವೇ ಕಳಚಿಕೊಳ್ಳಲು ಆಗಬೇಕು.

ಬಕಲ್ಲು ಪ್ಲಾಸ್ಟಿಕ್ಕಿನದು. ಚೀಲ ನೆಲದ ಮೇಲಿದ್ದಾಗ ಬೂಟಿನ ಕೆಳಗೆ ಸಿಕ್ಕಿ ಅದರ ಹಲ್ಲು ಮುರಿಯುವುದು ಸಾಮಾನ್ಯ ಅವಘಡ. ಚೀಲ ಇಳಿಸಿದ ಕೂಡಲೇ ಎರಡು ತುದಿಗಳನ್ನೂ ಕೂಡಿಸಿ ಬಕಲ್ಲು ಹಾಕಿಬಿಡುವುದು ಹಳಬರ ಅಭ್ಯಾಸ. ಅದೇ ಅಳತೆಯ ಇನ್ನೊಂದು ಬಕಲ್ಲನ್ನು ಅವರು ಔಷಧಿ ಡಬ್ಬಿಯ ಜೊತೆಗೆ ಇಟ್ಟುಕೊಂಡಿರುತ್ತಾರೆ.