ಯಾವ ಕೆಂಪು?

ಕೆಂಪು ಎಂದರೇನೆಂದು ಮೂರು ವರ್ಷದ ಮಗುವಿಗೂ ಗೊತ್ತು. ಯಾವ ಕೆಂಪು ಎಂದು ಕೇಳಿದರೆ ಮಾತ್ರ, ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕೈ ಮಸಿ ಮಾಡಿಕೊಂಡವನೂ ತಡವರಿಸುತ್ತಾನೆ. ಈ ವಿಷಯದಲ್ಲಿ ನಮ್ಮ ನುಡಿ ಬಡವೇನೂ ಅಲ್ಲ. ಕಡುಗೆಂಪು, ನಸುಗೆಂಪು, ಕಾವಿ, ಕುಂಕುಮ, ಇಟ್ಟಿಗೆ ಬಣ್ಣ, ದಾಳಿಂಬೆ ಬಣ್ಣ, ಮಾವಿನ ಚಿಗುರಿನ ಬಣ್ಣ ಎಂದು ಎಣಿಸುತ್ತಲೇ ಹೋಗಬಹುದು. ಸೀರೆಯಂಗಡಿಗೆ ಹೋದರೆ ಈ ಭಂಡಾರ ಇನ್ನೂ ದೊಡ್ಡದು. ಗಾಯಕಿ ಸುಬ್ಬುಲಕ್ಷ್ಮಿಯವರು ಉಟ್ಟ ಸೀರೆಯಿಂದಾಗಿ ‘ಎಂ. ಎಸ್. ನೀಲಿ’ ಎಂಬ ಬಣ್ಣವೇ ಹುಟ್ಟಿಕೊಂಡಿತು. ಆದರೆ ಅಂಗಡಿಯಲ್ಲಿ ಸೀರೆ ಕಣ್ಣೆದುರಿಗೇ ಇರುತ್ತದೆ. ಹೆಸರು ತಪ್ಪಿದರೂ ತೋರಿಸುವ ಬೆರಳು ತಪ್ಪುವುದಿಲ್ಲ. ಪುಸ್ತಕದ ಮಾತು ಬೇರೆ. ಬರೆಯುವವನು ಒಂದೂರಿನಲ್ಲಿ, ಅಚ್ಚು ಹಾಕುವವನು ಮತ್ತೊಂದೂರಿನಲ್ಲಿ. ಇಬ್ಬರ ನಡುವೆ ಬಣ್ಣವು ಮಾತಿನ ಮೇಲೆಯೇ ಪಯಣ ಮಾಡಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಹೊದಿಕೆಗೆ ಕುಂಕುಮದ ಬಣ್ಣ ಇರಲೆಂದು ಒಂದು ಅಚ್ಚುಕೂಟಕ್ಕೆ ಹೇಳಿಕಳುಹಿಸಿದ್ದೆ. ಬಂದದ್ದು ಸುಟ್ಟ ಇಟ್ಟಿಗೆ. ಕೇಳಹೋದರೆ ಯಜಮಾನರು ದೇವರ ಪಟದ ಮುಂದಿದ್ದ ಬಟ್ಟಲನ್ನೇ ತಂದು ಮುಂದೆ ಹಿಡಿದು, “ನಮ್ಮ ಮನೆ ಕುಂಕುಮ ಇದೇ ಸಾರ್” ಎಂದರು. ನೋಡಿದರೆ ಹೌದು, ಅವರ ಮನೆಯ ಕುಂಕುಮ ಹಾಗೆಯೇ ಇತ್ತು! ಅವರೊಡನೆ ವಾದಿಸಿ ಪ್ರಯೋಜನವಿಲ್ಲವೆಂದುಕೊಂಡು ನಾನು ಈ ಜಗಳ ಎಷ್ಟು ಹಳೆಯದೆಂದು ಹುಡುಕತೊಡಗಿದೆ. ಅಚ್ಚಿನಷ್ಟೇ ಹಳೆಯದು ಎಂದು ತಿಳಿಯಿತು.

ಜರ್ಮನಿಯ ಮೈಂಟ್ಸ್ ನಗರದಲ್ಲಿ ಗೂಟೆನ್‌ಬರ್ಗ್ ತನ್ನ ಪ್ರಸಿದ್ಧವಾದ ಬೈಬಲನ್ನು ಅಚ್ಚು ಹಾಕಲು ಹೊರಟಾಗ, ತಲೆಬರಹಗಳನ್ನು ಕೆಂಪಿನಲ್ಲಿಯೇ ಮುದ್ರಿಸಬೇಕೆಂದು ಮನಸ್ಸು ಮಾಡಿದ್ದ. ಮೊದಲ ಕೆಲವು ಪುಟಗಳಲ್ಲಿ ಹಾಗೆ ಮಾಡಿಯೂ ಇದ್ದಾನೆ. ಆದರೆ ಒಂದೇ ಹಾಳೆಯನ್ನು ಎರಡು ಸಲ, ಕೂದಲೆಳೆಯಷ್ಟೂ ಸರಿಯದಂತೆ, ಯಂತ್ರಕ್ಕೆ ಕೊಡುವುದೆಂದರೆ ಸಾಮಾನ್ಯ ಶ್ರಮವಲ್ಲ. ಆತ ಕೈಬಿಟ್ಟ. ಕೆಂಪಿನ ಜಾಗವನ್ನು ಖಾಲಿ ಉಳಿಸಿ, ಅಲ್ಲಿ ಏನು ಬರೆಯಬೇಕೆಂಬುದನ್ನು ತಿಳಿಸುವ ಎಂಟು ಪುಟಗಳ ಪಟ್ಟಿಯೊಂದನ್ನು ಬೇರೆಯಾಗಿ ಅಚ್ಚು ಮಾಡಿಸಿ ಕೊಟ್ಟ. ಆ ಪಟ್ಟಿಯ ಎರಡು ಪ್ರತಿಗಳು ಮ್ಯೂನಿಕ್ ಮತ್ತು ವಿಯೆನ್ನಾ ನಗರಗಳ ಗ್ರಂಥಾಲಯಗಳಲ್ಲಿ ಉಳಿದುಕೊಂಡಿವೆ. ಮುದ್ರಕನು ಬಣ್ಣದವನಿಗೆ ಅಚ್ಚಿನಲ್ಲಿಯೇ ಕೊಟ್ಟ ಆದೇಶಪತ್ರವೆಂದು ಇದನ್ನು ಕರೆಯಬಹುದು. ಏನು ಬರೆಯಬೇಕೆಂಬುದು ಅದರಲ್ಲಿದೆ. ಯಾವ ಕೆಂಪು ಎಂಬುದು ಬರೆಯುವವನ ಕುಡಿಕೆಗೆ ಬಿಟ್ಟ ವಿಷಯ.

ಹೀಗೆ ಕೆಂಪು ತುಂಬುವವರಲ್ಲಿ ಹೈನ್ರಿಖ್ ಕ್ರೇಮರ್ ಎಂಬ ಪಾದ್ರಿಯೊಬ್ಬ. ಮೈಂಟ್ಸಿನ ಸಂತ ಸ್ಟೀಫನ್ ಚರ್ಚಿಗೆ ಸೇರಿದವನು. ಕೆಲಸ ಮುಗಿಸಿ, ಹೊದಿಕೆ ಕಟ್ಟಿ, ಆತ ಪುಸ್ತಕದ ಕೊನೆಯಲ್ಲಿ ದಿನಾಂಕವನ್ನು ಬರೆದಿಟ್ಟ: ೧೪೫೬ನೆಯ ಇಸವಿ ಆಗಸ್ಟ್ ತಿಂಗಳು. ಗೂಟೆನ್‌ಬರ್ಗ್ ತನ್ನ ಬೈಬಲಿನಲ್ಲಿ ಹೆಸರನ್ನೂ ಹಾಕಲಿಲ್ಲ, ವರ್ಷವನ್ನೂ ಹಾಕಲಿಲ್ಲ. ಯುರೋಪಿನ ಆ ಮಹಾಗ್ರಂಥ ಆ ಹೊತ್ತಿಗೆ ಅಚ್ಚಾಗಿ ಮುಗಿದಿತ್ತೆಂದು ವಿದ್ವಾಂಸರು ಹೇಳುವುದಕ್ಕೆ ಈ ಬಣ್ಣದವನ ಟಿಪ್ಪಣಿಯೇ ಒಂದು ಮುಖ್ಯವಾದ ಆಧಾರ. ಆ ಪ್ರತಿ ಈಗ ಪ್ಯಾರಿಸಿನಲ್ಲಿದೆ.

ಮರುವರ್ಷವೇ, ೧೪೫೭ರ ಆಗಸ್ಟ್ ೧೪ರಂದು, ಫುಸ್ಟ್ ಮತ್ತು ಶೆಫರ್ ಎಂಬ ಇಬ್ಬರು ಅದೇ ಊರಿನಲ್ಲಿ ಕೀರ್ತನೆಗಳ ಗ್ರಂಥವೊಂದನ್ನು ಹೊರತಂದರು. ಗೂಟೆನ್‌ಬರ್ಗ್ ಕೈಚೆಲ್ಲಿದ ಕೆಲಸವನ್ನು ಅವರು ಸಾಧಿಸಿ ತೋರಿಸಿದರು. ಕೆಂಪು, ನೀಲಿ ಎರಡೂ ಬಣ್ಣದ ದೊಡ್ಡ ದೊಡ್ಡ ಆದ್ಯಕ್ಷರಗಳು ಅದರಲ್ಲಿ ಅಚ್ಚಿನಲ್ಲಿಯೇ ಮೂಡಿವೆ. ಒಂದರೊಳಗೊಂದು ಕೂರುವ ಎರಡು ತುಂಡುಗಳನ್ನು ಬೇರೆ ಬೇರೆಯಾಗಿ ಮಸಿ ಹಚ್ಚಿ, ಜೋಡಿಸಿ, ಒಂದೇ ಏಟಿಗೆ ಒತ್ತಿರಬೇಕೆಂದು ಬಲ್ಲವರ ಅಭಿಪ್ರಾಯ. ಈ ಸಾರಿ ಹೆಸರು, ದಿನಾಂಕ ಎರಡನ್ನೂ ಹಾಕಲು ಅವರು ಮರೆಯಲಿಲ್ಲ.

ಇಷ್ಟೆಲ್ಲ ಪಾಡು ಬರಿಯ ಅಂದಕ್ಕಾಗಿ ಎಂದು ತಿಳಿಯಬಾರದು. ಕ್ರೈಸ್ತರ ಪೂಜಾಗ್ರಂಥಗಳಲ್ಲಿ ಕಪ್ಪು ಅಕ್ಷರ ಬಾಯಲ್ಲಿ ಹೇಳತಕ್ಕದ್ದು. ಕೆಂಪು ಅಕ್ಷರ ಕೈಯಲ್ಲಿ ಮಾಡತಕ್ಕದ್ದು. ಕೆಂಪು ಕಪ್ಪಾದರೆ ಮಂತ್ರ ಯಾವುದು, ವಿಧಿ ಯಾವುದು ಎಂಬುದೇ ಕಲಸಿಹೋಗುತ್ತದೆ. ನಾಟಕದಲ್ಲಿ ‘ತೆರೆ ಬೀಳುತ್ತದೆ’ ಎಂಬುದನ್ನೂ ರಾಜನೇ ಹೇಳಿಬಿಟ್ಟಂತೆ. ಇಂಥ ಕೆಂಪು ಬರಹಕ್ಕೆ ಇಂಗ್ಲಿಷಿನಲ್ಲಿರುವ ‘ರೂಬ್ರಿಕ್’ ಎಂಬ ಮಾತು ಲ್ಯಾಟಿನ್ನಿನ ‘ರೂಬ್ರಿಕಾ’ದಿಂದ ಬಂದದ್ದು. ಅದರ ಅರ್ಥ ಕೆಂಪು ಮಣ್ಣು, ಅಂದರೆ ನಮ್ಮ ಕಾವಿಯೇ. ನಮ್ಮಲ್ಲಿ ಓಲೆಗರಿಯ ಮೇಲೆ ಕಂಠದಿಂದ ಕೊರೆದು ಕಾಡಿಗೆ ತೀಡುವ ಪದ್ಧತಿಯಿದ್ದುದರಿಂದ ಅಕ್ಷರಕ್ಕೆ ಎರಡನೆಯ ಬಣ್ಣ ಸುಲಭವಾಗಿ ಒಗ್ಗಲಿಲ್ಲ. ಕಾಗದ ಬಂದ ಮೇಲೆ ದಂಡಗಳಿಗೆ, ಅಧ್ಯಾಯದ ಮುಕ್ತಾಯದ ಸಾಲುಗಳಿಗೆ ಕೆಂಪು ಬಂದುದನ್ನು ಹಸ್ತಪ್ರತಿಗಳಲ್ಲಿ ಕಾಣಬಹುದು. ಇಂದು ಶಾಲೆಯ ಮೇಷ್ಟ್ರು ಅಂಕ ಹಾಕುವ ಪಟ್ಟಿಗೂ ‘ರೂಬ್ರಿಕ್’ ಎಂದೇ ಹೆಸರು. ಕಾವಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಮುಂದಿನ ಶತಮಾನಗಳ ಕಥೆಯನ್ನು ಬೇಗ ದಾಟೋಣ. ೧೭೨೫ರ ಹೊತ್ತಿಗೆ ಲ್ಯ ಬ್ಲಾನ್ ಎಂಬಾತ ಲಂಡನ್ನಿನಲ್ಲಿ ಕೆಂಪು, ಹಳದಿ, ನೀಲಿ ಮೂರರಿಂದಲೇ ಉಳಿದ ಬಣ್ಣಗಳನ್ನೆಲ್ಲ ಮುದ್ರಿಸಬಹುದೆಂದು ಪುಸ್ತಕ ಬರೆದ. ವ್ಯಾಪಾರದಲ್ಲಿ ಮಾತ್ರ ಮುಳುಗಿದ. ಆತನ ತತ್ತ್ವವೇ ಬೆಳೆದು ಇಂದಿನ ನಾಲ್ಕು ಬಣ್ಣದ ಅಚ್ಚಾಗಿದೆ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಮಜೆಂಟಾ ಇಟಲಿಯ ಒಂದು ಊರು. ೧೮೫೯ರಲ್ಲಿ ಅಲ್ಲಿ ನಡೆದ ಯುದ್ಧದ ನೆನಪಿಗೆ ಆಗತಾನೆ ಕಂಡುಹಿಡಿದಿದ್ದ ಬಣ್ಣವೊಂದಕ್ಕೆ ಆ ಹೆಸರಿಟ್ಟರು. ನಮ್ಮ ಮದುವೆಯ ಕರೆಯೋಲೆಯಲ್ಲಿಯೂ ಆ ರಣಭೂಮಿಯ ಹೆಸರು ಅಡಗಿ ಕುಳಿತಿರುತ್ತದೆ.

ಬಣ್ಣವನ್ನು ಮಾತಿನಲ್ಲಿ ಹಿಡಿಯಲು ನಡೆದ ಪ್ರಯತ್ನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಪ್ಯಾಟ್ರಿಕ್ ಸೈಮ್ ಎಂಬ ಚಿತ್ರಕಾರನದು. ಭೂವಿಜ್ಞಾನಿ ವೆರ್ನರ್ ಹಾಕಿಕೊಟ್ಟ ಪದ್ಧತಿಯನ್ನು ಬೆಳೆಸಿ, ೧೮೧೪ರಲ್ಲಿ ಆತ ಎಡಿನ್‌ಬರೋದಲ್ಲಿ ಒಂದು ಬಣ್ಣದ ನಿಘಂಟನ್ನು ಪ್ರಕಟಿಸಿದ. ಬಣ್ಣದ ತುಣುಕಿನ ಪಕ್ಕದಲ್ಲಿ ಅದು ಯಾವ ಪ್ರಾಣಿಯಲ್ಲಿ, ಯಾವ ಗಿಡದಲ್ಲಿ, ಯಾವ ಖನಿಜದಲ್ಲಿ ಸಿಕ್ಕೀತೆಂದು ಬರೆದಿದ್ದಾನೆ. ಪ್ರಷ್ಯದ ನೀಲಿ ಬೇಕೆ? ಕಾಡುಬಾತಿನ ಗಂಡಿನ ರೆಕ್ಕೆಯ ಮಚ್ಚೆಯನ್ನು ನೋಡು ಎನ್ನುತ್ತಾನೆ. ತರುಣ ಡಾರ್ವಿನ್ ಬೀಗಲ್ ಹಡಗನ್ನೇರಿ ಹೊರಟಾಗ ಈ ಪುಸ್ತಕವನ್ನು ಜೊತೆಗೆ ಒಯ್ದಿದ್ದ. ನಮ್ಮ ಅಜ್ಜಿಯರ ಗಿಳಿಹಸಿರು, ಬದನೆಕಾಯಿ ಬಣ್ಣಗಳ ರೀತಿಯೂ ಇದೇ ಅಲ್ಲವೆ? ಅದನ್ನು ಒಂದು ಪುಸ್ತಕವಾಗಿ ಜೋಡಿಸುವ ತಾಳ್ಮೆ ನಮ್ಮಲ್ಲಿಯೂ ಯಾರಿಗಾದರೂ ಬಂದಿದ್ದರೆ ಚೆನ್ನಾಗಿತ್ತು.

ಆದರೆ ವ್ಯಾಪಾರಕ್ಕೆ ಬಾತಿನ ರೆಕ್ಕೆ ಸಾಲದು. ೧೯೬೩ರಲ್ಲಿ ಅಮೆರಿಕದ ಲಾರೆನ್ಸ್ ಹರ್ಬರ್ಟ್ ‘ಪ್ಯಾಂಟೋನ್’ ಎಂಬ ಪದ್ಧತಿಯನ್ನು ತಂದ. ಬೀಸಣಿಗೆಯಂತೆ ಬಿಚ್ಚುವ ಪಟ್ಟಿಯಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದು ಗುರುತು, ಅದರ ಶಾಯಿ ಬೆರೆಸುವ ಪ್ರಮಾಣ. ಇನ್ನು ಕುಂಕುಮದ ಬಟ್ಟಲು ಬೇಡ, ಸಂಖ್ಯೆ ಹೇಳಿದರಾಯಿತು. ನಮ್ಮ ದೇಶ ಈ ದಾರಿಯನ್ನು ಅದಕ್ಕೂ ಮೊದಲೇ ಹಿಡಿದಿತ್ತೆಂದು ಹೇಳಲು ಸಂತೋಷವಾಗುತ್ತದೆ. ಭಾರತೀಯ ಮಾನಕ ಸಂಸ್ಥೆ ೧೯೫೧ರಲ್ಲಿ ಹೊರಡಿಸಿದ ಒಂದನೆಯ ನಂಬರಿನ ಮಾನಕವೇ ರಾಷ್ಟ್ರಧ್ವಜದ್ದು. ೧೯೬೮ರ ಪರಿಷ್ಕೃತ ಪಾಠದಲ್ಲಿ ಕೇಸರಿ ಎಂದರೆ ಯಾವ ಕೇಸರಿ ಎಂಬುದನ್ನು ೦.೫೩೮, ೦.೩೬೦ ಎಂಬ ಎರಡು ಅಂಕಿಗಳಿಂದಲೂ, ಹೊಳಪನ್ನು ೨೧.೫ ಎಂಬುದರಿಂದಲೂ ಕಟ್ಟಿಹಾಕಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ಧ್ವಜ ಸಿದ್ಧವಾಗುವುದು ಈ ಮಾನಕದ ಕಟ್ಟಿಗೆ ಒಳಪಟ್ಟೇ. ತ್ಯಾಗ, ಸಾಹಸ ಎಂದು ಭಾಷಣದಲ್ಲಿ ಎಷ್ಟೇ ಹೇಳಲಿ, ಬಣ್ಣದ ಹಂಡೆಯ ಮುಂದೆ ನಿಂತವನಿಗೆ ಬೇಕಾದದ್ದು ಆ ಅಂಕಿ.

ಇನ್ನು ಗಣಕಯಂತ್ರದ ಕಾಲ. ಡೊನಾಲ್ಡ್ ಕ್ನೂತ್ ಎಂಬ ಗಣಿತಜ್ಞ ೧೯೭೭ರಲ್ಲಿ ತನ್ನ ಗ್ರಂಥದ ಕರಡಚ್ಚನ್ನು ನೋಡಿ ಅಸಹ್ಯಪಟ್ಟು, ಮೊಳೆ ಜೋಡಿಸುವ ಕೆಲಸಕ್ಕೆ ತಾನೇ ‘ಟೆಕ್’ ಎಂಬ ತಂತ್ರಾಂಶವನ್ನು ಕಟ್ಟಲು ತೊಡಗಿದ. ಅಕ್ಷರಗಳ ನಡುವಣ ಅಂತರವನ್ನು ಅಷ್ಟು ಸೂಕ್ಷ್ಮವಾಗಿ ಬಲ್ಲ ಆ ತಂತ್ರಾಂಶಕ್ಕೆ ಬಣ್ಣದ ಗಂಧವೇ ಇಲ್ಲ. ಕ್ನೂತ್ ಇಟ್ಟದ್ದು ‘ಸ್ಪೆಷಲ್’ ಎಂಬ ಒಂದು ಕಿಟಕಿ ಮಾತ್ರ. ಅದರಲ್ಲಿ ಏನು ಬರೆದರೂ ಟೆಕ್ ಓದದೆ ಮುಂದಿನ ಯಂತ್ರಕ್ಕೆ ದಾಟಿಸುತ್ತದೆ. ಗೂಟೆನ್‌ಬರ್ಗನ ಖಾಲಿ ಜಾಗ ಮತ್ತು ಎಂಟು ಪುಟದ ಪಟ್ಟಿ ನೆನಪಾಗುವುದಿಲ್ಲವೆ?

ಆ ಕಿಟಕಿಯಿಂದಲೇ ಬಣ್ಣ ಒಳಬಂತು. ಜೇಮ್ಸ್ ಹಾಫ್ನರ್ ಎಂಬಾತ ೬೮ ಬಣ್ಣಗಳಿಗೆ ನಾಲ್ಕು ಶಾಯಿಗಳ ಪ್ರಮಾಣವನ್ನು ಗೊತ್ತುಮಾಡಿದ. ಹೆಸರುಗಳಿಗೆ ಹೆಚ್ಚಾಗಿ ನೆರವಾದದ್ದು ಮಕ್ಕಳ ಕ್ರಯೋಲಾ ಬಣ್ಣದ ಕಡ್ಡಿಗಳ ೬೪ರ ಡಬ್ಬಿ. ಪಂಡಿತರ ಪ್ರಬಂಧಗಳಿಗೆ ಬಣ್ಣ ಬಂದದ್ದು ಶಿಶುವಿಹಾರದಿಂದ! ಅದರಲ್ಲಿರುವ ‘ಪೀಚ್’ ಹಣ್ಣಿನ ಬಣ್ಣದಲ್ಲಿ ಮಜೆಂಟಾ ಅರ್ಧ, ಹಳದಿ ನೂರಕ್ಕೆ ಎಪ್ಪತ್ತು, ಉಳಿದೆರಡು ಸೊನ್ನೆ. ಡಬ್ಬಿಯಲ್ಲಿ ಈ ಕಡ್ಡಿಗೆ ಮೊದಲು ‘ಮೈಬಣ್ಣ’ ಎಂಬ ಹೆಸರಿತ್ತು. ಯಾರ ಮೈ ಎಂಬ ಪ್ರಶ್ನೆ ಏಳುವುದರಿಂದ ೧೯೬೨ರಲ್ಲಿ ಬದಲಾಯಿಸಿದರು. ಸೈಮ್ ಬಾತಿನ ರೆಕ್ಕೆಯಲ್ಲಿ ಕಂಡ ಪ್ರಷ್ಯದ ನೀಲಿ, ಮಕ್ಕಳಿಗೆ ಪ್ರಷ್ಯ ಎಲ್ಲಿದೆಯೆಂದೇ ತಿಳಿಯದೆಂದು ಉಪಾಧ್ಯಾಯರು ಹೇಳಿದ್ದರಿಂದ ೧೯೫೮ರಲ್ಲಿ ‘ನಡುರಾತ್ರಿಯ ನೀಲಿ’ಯಾಯಿತು. ‘ಇಂಡಿಯನ್ ರೆಡ್’ ನಮ್ಮ ಸೀಮೆಯ ಕೆಮ್ಮಣ್ಣಿನ ನೆನಪಿನ ಹೆಸರು. ಅಮೆರಿಕದ ಮಕ್ಕಳು ಅದನ್ನು ಅಲ್ಲಿನ ಮೂಲನಿವಾಸಿಗಳ ಮೈಬಣ್ಣವೆಂದು ತಿಳಿದಾರೆಂಬ ಅಂಜಿಕೆಯಿಂದ ೧೯೯೯ರಲ್ಲಿ ಅದೂ ಹೋಯಿತು. ಅಂತರಜಾಲದ ಬಣ್ಣಗಳ ಯಾದಿಯಲ್ಲಿ ಮಾತ್ರ ಆ ಹೆಸರು ಉಳಿದಿದೆ: ಕೆಂಪು ೨೦೫, ಹಸಿರು ೯೨, ನೀಲಿ ೯೨.

ಇಂದು ಟೆಕ್ ಬಳಸುವವರು ತಮಗೆ ಬೇಕಾದ ಬಣ್ಣಕ್ಕೆ ತಾವೇ ಹೆಸರಿಟ್ಟು, ಪಕ್ಕದಲ್ಲಿ ಅಂಕಿಗಳನ್ನು ಕೊಟ್ಟರೆ ಸಾಕು. ೨೦೦೩ರಲ್ಲಿ ಉವೆ ಕೆರ್ನ್ ತಂದ ‘ಎಕ್ಸ್‌ಕಲರ್’ ಇನ್ನೂ ಸರಳ. ಕೆಂಪು ನಲವತ್ತು ಪಾಲು, ಉಳಿದದ್ದು ಹಳದಿ ಎಂದು ಅಡಿಗೆಯವನಿಗೆ ಹೇಳಿದಂತೆ ಹೇಳಬಹುದು. ಹಾಗೆಂದು ಜಗಳ ತೀರಿತೆಂದು ಹೇಳಲಾರೆ. ಪರದೆ ಬೆಳಕನ್ನು ಕೂಡಿಸಿ ಬಣ್ಣ ಮಾಡುತ್ತದೆ. ಶಾಯಿ ಬೆಳಕನ್ನು ನುಂಗಿ ಮಾಡುತ್ತದೆ. ಪರದೆಯಲ್ಲಿ ಉರಿಯುವ ಕೆಂಪು ಒರಟು ಕಾಗದದ ಮೇಲೆ ಸಪ್ಪೆಯಾಗುತ್ತದೆ. ಅಂಕಿ ಸರಿಯಿದ್ದರೂ ಕರಡನ್ನು ಕಣ್ಣಿಂದ ನೋಡದೆ ಒಪ್ಪಿಗೆ ಹಾಕಬಾರದೆಂಬ ಹಳೆಯ ಅಚ್ಚುಗಾರರ ಹಠವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಅಂಕಿಗಳ ಈ ರಾಜ್ಯದಲ್ಲಿ ೨೦೧೪ರಲ್ಲಿ ಒಂದು ಹೊಸ ಹೆಸರು ಸೇರಿತು. ಅಂತರಜಾಲದ ಪುಟವಿನ್ಯಾಸದ ಬಗ್ಗೆ ಗ್ರಂಥಗಳನ್ನು ಬರೆದ ಎರಿಕ್ ಮೇಯರ್ ಎಂಬಾತನ ಮಗಳು ಆ ವರ್ಷದ ಜೂನ್ ೭ರಂದು, ತನ್ನ ಆರನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡಳು. ಅವಳಿಗೆ ನೇರಳೆ ಬಣ್ಣವೆಂದರೆ ಪ್ರಾಣ. ವೃತ್ತಿಬಾಂಧವರು ೧೦೨, ೫೧, ೧೫೩ ಎಂಬ ಅಂಕಿಗಳ ನೇರಳೆಗೆ ಅವಳ ಮುದ್ದುಹೆಸರನ್ನು ಇಡೋಣವೆಂದರು. ಆದರೆ ಆರು ತುಂಬಿದ ಮೇಲೆ ತಾನು ದೊಡ್ಡವಳು, ತನ್ನನ್ನು ಪೂರ್ತಿ ಹೆಸರಿನಿಂದಲೇ ಕರೆಯಬೇಕೆಂದು ಮಗು ಹೇಳಿತ್ತು. ಆರು ವರ್ಷದವಳಾಗಿ ಅವಳು ಬದುಕಿದ್ದು ಹನ್ನೆರಡು ಗಂಟೆಯೂ ಇಲ್ಲ. ತಂದೆ ಪೂರ್ತಿ ಹೆಸರನ್ನೇ ಕೇಳಿದ. ‘ರೆಬೆಕಾ ನೇರಳೆ’ ಎಂದು ಬರೆದರೆ ಈಗ ಜಗತ್ತಿನ ಯಾವ ಗಣಕವೂ ಆ ಬಣ್ಣವನ್ನು ತೋರಿಸುತ್ತದೆ.