ಕಣಿವೆಗೆ ಮರಳಿದ ಮಾತು

ವೇಲ್ಸ್ ದೇಶದ ವಾಯವ್ಯದಲ್ಲಿ, ಲ್ಲೀನ್ ಪರ್ಯಾಯದ್ವೀಪದ ಉತ್ತರದಂಚಿಗೆ, ನಾಂಟ್ ಗುರ್ಥೇರ್ನ್ ಎಂಬ ಕಣಿವೆಯಿದೆ. ಮೂರು ಕಡೆ ಬೆಟ್ಟ, ಒಂದು ಕಡೆ ಐರಿಷ್ ಸಮುದ್ರ. ಗುರ್ಥೇರ್ನನು ಐದನೆಯ ಶತಮಾನದ ದೊರೆಯೆಂದು ಪ್ರತೀತಿ. ಸ್ಯಾಕ್ಸನರನ್ನು ಬ್ರಿಟನ್ನಿಗೆ ಕರೆಸಿಕೊಂಡ ಅಪಕೀರ್ತಿ ಅವನದು; ತನ್ನವರ ಕೋಪಕ್ಕೆ ಅಂಜಿ ಇಲ್ಲಿ ಬಂದು ಅಡಗಿದನಂತೆ. ಐತಿಹ್ಯವನ್ನು ನಾನು ಇತಿಹಾಸವೆನ್ನಲಾರೆ. ಆದರೆ ಇಂಗ್ಲಿಷಿಗೆ ಬಾಗಿಲು ತೆರೆದವನ ಹೆಸರು ಈ ಊರಿಗೇ ಅಂಟಿಕೊಂಡದ್ದು ಎಂಥ ಸ್ವಾರಸ್ಯವೆಂಬುದು ಮುಂದೆ ತಿಳಿದೀತು.

1860ರ ದಶಕದಲ್ಲಿ ಇಲ್ಲಿ ಕಲ್ಲುಗಣಿಗಳು ತೆರೆದವು. ಕಡಿದ ಗ್ರಾನೈಟು ಹಡಗೇರಿ ಹೋಗಿ ಲಿವರ್‌ಪೂಲ್, ಮ್ಯಾಂಚೆಸ್ಟರುಗಳ ಬೀದಿಗೆ ಹಾಸುಗಲ್ಲಾಯಿತು. 1878ರಲ್ಲಿ ಕೆಲಸಗಾರರಿಗಾಗಿ ಎರಡು ಸಾಲು ಮನೆಗಳೆದ್ದವು. ಒಂದು ಸಾಲಿನ ಹೆಸರು ‘ಕಡಲ ನೋಟ’, ಇನ್ನೊಂದರದು ‘ಬೆಟ್ಟದ ನೋಟ’. ಪ್ರಾರ್ಥನಾಮಂದಿರ, ಅಂಗಡಿ, ಶಾಲೆ ಎಲ್ಲವೂ ಇದ್ದವು. ಮೇಲಿನ ಲೋಕಕ್ಕೆ ಮಾತ್ರ ಎದೆಯೆತ್ತರದ ಕಡಿದಾದ ದಾರಿ.

ಮುಂದೆ ಡಾಂಬರು ರಸ್ತೆಗಳ ಕಾಲ ಬಂತು. ಹಾಸುಗಲ್ಲನ್ನು ಕೇಳುವವರಿಲ್ಲವಾಯಿತು. 1948ರಲ್ಲಿ ಶಾಲೆ ಮುಚ್ಚಿತು; 1959ರ ಹೊತ್ತಿಗೆ ಊರು ಬರಿದಾಯಿತು. ಈ ಊರು ವೆಲ್ಷ್ ಭಾಷೆಯನ್ನು ಮರೆತು ಅಳಿದದ್ದಲ್ಲ ಎಂಬುದನ್ನು ಗಮನಿಸಬೇಕು. ಮನೆಯಲ್ಲೂ ಮಂದಿರದಲ್ಲೂ ಮಾತು ಗಟ್ಟಿಯಾಗಿಯೇ ಇತ್ತು. ಇಲ್ಲವಾದದ್ದು ಕೂಲಿ.

1962ರಲ್ಲಿ ಸಾಂಡರ್ಸ್ ಲೂಯಿಸ್ ಎಂಬ ಸಾಹಿತಿ, ಹೀಗೇ ಸಾಗಿದರೆ ಇಪ್ಪತ್ತೊಂದನೆಯ ಶತಮಾನದ ಆರಂಭಕ್ಕೆ ವೆಲ್ಷ್ ಜೀವಂತ ಭಾಷೆಯಾಗಿ ಉಳಿಯದೆಂದು ಬಾನುಲಿಯಲ್ಲಿ ಎಚ್ಚರಿಸಿದರು. ಅದೇ ವರ್ಷ ತರುಣರು ಭಾಷಾ ಸಂಘ ಕಟ್ಟಿದರು. (ಎಲ್ಲ ಬಾನುಲಿ ಭಾಷಣಗಳಿಗೂ ಆ ಭಾಗ್ಯವಿರುವುದಿಲ್ಲ!) ಆದರೆ ಈ ಕಣಿವೆಯ ರೋಗವನ್ನು ಸರಿಯಾಗಿ ಗುರುತಿಸಿದವರು ಒಬ್ಬ ವೈದ್ಯರು, ನೆರೆಯ ಹಳ್ಳಿಯ ಕಾರ್ಲ್ ಕ್ಲೌಸ್. ಕಣಿವೆಯ ಕಲ್ಲು ಹೋಗಿ ಬಿದ್ದ ಮ್ಯಾಂಚೆಸ್ಟರಿನಿಂದಲೇ ಬಂದವರು. ದೊಡ್ಡವರಾದ ಮೇಲೆ ವೆಲ್ಷ್ ಕಲಿತವರು. ಭಾಷೆಗೆ ಕಲಿಯುವವರು ಬೇಕು, ಸೀಮೆಗೆ ಉದ್ಯೋಗ ಬೇಕು. ಎರಡನ್ನೂ ಅವರು ಒಂದೇ ಗಂಟಿಗೆ ಕಟ್ಟಿದರು. ಅವರ ಮುಂದಾಳುತನದ ವಿಶ್ವಸ್ತ ಸಂಸ್ಥೆ 1978ರಲ್ಲಿ ಹಾಳೂರನ್ನು ಕೊಂಡುಕೊಂಡಿತು. 1982ರಲ್ಲಿ, ಕಲ್ಲುಕುಟಿಗರ ಆ ಮನೆಗಳ ನಡುವೆ, ವೆಲ್ಷ್ ಭಾಷೆಯ ಮೊದಲ ತರಗತಿ ನಡೆಯಿತು. ಗುರ್ಥೇರ್ನನ ಕಣಿವೆಯಲ್ಲಿ ಈಗ ಇಂಗ್ಲಿಷರು ವೆಲ್ಷ್ ಅಕ್ಷರ ತಿದ್ದುತ್ತಾರೆ.

2021ರ ಜನಗಣತಿಯಂತೆ ವೇಲ್ಸಿನಲ್ಲಿ ವೆಲ್ಷ್ ಬಲ್ಲವರು ಶೇಕಡಾ 17.8, ಹತ್ತು ವರ್ಷಗಳ ಹಿಂದಿನದಕ್ಕಿಂತ ಕಡಮೆ. ಲೂಯಿಸರು ಹೇಳಿದ ಗಡುವನ್ನು ಭಾಷೆ ದಾಟಿದೆ, ನಿಜ. ಆದರೂ ಮೇಷ್ಟರ ಕೆಲಸ ಮಾಡಿದ ನನ್ನ ಕಣ್ಣು ಇನ್ನೊಂದು ಕಡೆಗೆ ಹೋಗುತ್ತದೆ. ಪಾಠ ಮುಗಿಸಿದ ವಯಸ್ಕರು ಬೆಟ್ಟವೇರಿ ತಮ್ಮ ತಮ್ಮ ಊರಿಗೆ ತೆರಳುತ್ತಾರೆ. 1948ರಲ್ಲಿ ಮುಚ್ಚಿದ ಮಕ್ಕಳ ಶಾಲೆ ಮತ್ತೆ ತೆರೆದಿಲ್ಲ.