ಕೊಬ್ಬರಿ ಧಾರಣೆ, ತೇರಿನ ಜನ

ನಮ್ಮಪ್ಪ ತುರುವೇಕೆರೆ ಸೀಮೆಯ ಜಾತ್ರೆಗಳಲ್ಲಿ ಬೆಂಡು ಬತ್ತಾಸಿನ ಅಂಗಡಿ ಹಾಕುತ್ತಿದ್ದರು. ದಂಡಿನಶಿವರ, ಸಂಪಿಗೆ, ಅತ್ತ ಯಡಿಯೂರು. ಎಷ್ಟು ಮೂಟೆ ಸಕ್ಕರೆ ತರಿಸಬೇಕೆಂದು ಗೊತ್ತುಮಾಡುವ ಮೊದಲು ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಧಾರಣೆ ಎಷ್ಟಾಯಿತೆಂದು ವಿಚಾರಿಸುತ್ತಿದ್ದರು. ಧಾರಣೆ ಏರಿದ ವರ್ಷ ಹೆಣ್ಣುಮಕ್ಕಳು ಅಳಿಯಂದಿರೊಡನೆ ತವರಿಗೆ ಬರುತ್ತಿದ್ದರು, ಬಳೆ ಅಂಗಡಿ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಇಳಿದ ವರ್ಷ ತೇರಿಗೆ ಬಾಳೆಹಣ್ಣು, ದವನ ಎಸೆದು ಕೈಮುಗಿದವರು ಹಾಗೇ ಬಸ್ಸು ಹತ್ತುತ್ತಿದ್ದರು.

ಜಾತ್ರೆಯ ಮೇಲೆ ಮಳೆಯ ಪರಿಣಾಮ ಮಾತ್ರ ಇಷ್ಟು ನೇರವಲ್ಲ. 2024ರ ಜನವರಿಯ ಬಹುಭಾಗ ಕಾಶ್ಮೀರದ ಗುಲ್ಮಾರ್ಗದಲ್ಲಿ ಹಿಮ ಬೀಳಲಿಲ್ಲ. ಸ್ಕೀ ಆಡಲು ಹೊರಟವರು ಆ ತಿಂಗಳೇ ಹಿಂದೆಗೆದರು. ಆದರೆ ನಮ್ಮಲ್ಲಿ ಬರ ಬಂದ ವರ್ಷವೇ ಜಾತ್ರೆ ಸೊರಗುವುದಿಲ್ಲ. ತೆಂಗಿನ ಹೊಂಬಾಳೆ ಒಡೆಯುವ ಮೊದಲು ಎರಡು ವರ್ಷಕ್ಕೂ ಮಿಕ್ಕಿ ಮರದ ಸುಳಿಯೊಳಗೇ ಬೆಳೆಯುತ್ತಿರುತ್ತದೆ. ಒಡೆದ ಮೇಲೆ ಕಾಯಿ ಬಲಿಯಲು ಒಂದು ವರ್ಷ. ಅಟ್ಟ ಸೇರಿದ ಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಗಲು ಮತ್ತೆ ಹತ್ತು ಹನ್ನೆರಡು ತಿಂಗಳು. ಇವತ್ತು ತೇರು ಎಳೆಯಲು ಬಂದವರ ಜೇಬಿನಲ್ಲಿರುವುದು ವರ್ಷಗಳ ಹಿಂದಿನ ಮಳೆ.

ಫಸಲು ಕಡಿಮೆಯಾದರೆ ಬೆಲೆಯಾದರೂ ಏರಬೇಕು. 1998ರ ನಂತರ ಕೆಲವು ವರ್ಷ ಅದೂ ಆಗಲಿಲ್ಲ. ನುಸಿ ಕಾಯಿಯನ್ನು ಮುರುಟಿಸಿತು, ಹೊರದೇಶದ ತಾಳೆ ಎಣ್ಣೆ ಧಾರಣೆಯನ್ನು ಕೆಡವಿತು. ಹೊಂಬಾಳೆಯಿಂದ ನೀರಾ ಇಳಿಸಲು ಬಿಡಿ ಎಂದು ರೈತರು ಬೀದಿಗಿಳಿದರು. 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣದ ಬಳಿಯ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ಇಬ್ಬರು ರೈತರು ಸತ್ತರು. ಮರದಿಂದ ಬದುಕಲು ಇನ್ನೊಂದು ದಾರಿ ಕೇಳಿದ್ದಕ್ಕೆ ಹೀಗಾಯಿತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

2024ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ, ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ. ಆ ವರ್ಷ ಜನ ಕಿಕ್ಕಿರಿದದ್ದು ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ನಾಫೆಡ್‌ನ ನೋಂದಣಿ ಕೇಂದ್ರಗಳ ಮುಂದೆ. ಮುದುಕರೂ ಹೊದಿಕೆ ಹೊದ್ದು ರಾತ್ರಿಯಿಡೀ ಸಾಲಿನಲ್ಲಿ ಕೂತಿದ್ದರು. ಮರುವರ್ಷವೇ ಧಾರಣೆ 25,000 ದಾಟಿತು. ಅಪ್ಪನ ಕಾಲವಾಗಿದ್ದರೆ ಸಕ್ಕರೆ ಮೂಟೆ ಎರಡರಷ್ಟು ಬರುತ್ತಿತ್ತು. ಆದರೆ ಈ ಏರಿಕೆಯ ಹಿಂದೆ ಇದ್ದದ್ದು 2023ರ ಬರ, ಅದರ ಬೆನ್ನಿಗೇ ಬಂದ ಬಿರುಬಿಸಿಲು, ಗರಿ ತಿನ್ನುವ ಕಪ್ಪುತಲೆ ಹುಳು. ಕೊಳವೆಬಾವಿಯಲ್ಲಿ ನೀರು ಉಳಿದವರು ಆ ಬೆಲೆಗೆ ಮಾರಿದರು. ಚಿಕ್ಕನಾಯಕನಹಳ್ಳಿ ಕಡೆ ಮಳೆಯನ್ನೇ ನಂಬಿದ ಎಷ್ಟೋ ತೋಟದವರ ಅಟ್ಟದಲ್ಲಿ ಸುಲಿಯಲು ಕಾಯಿಯೇ ಇರಲಿಲ್ಲ.